ಮೈವಾಸನೆಯ ಅರ್ಧ ಲೆಕ್ಕ ಮೂಗಿನಲ್ಲಿದೆ

ಕೊಡಗಿನಲ್ಲಿ ಹಂದಿ ಸಾಕುವವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿಯೊಂದಿದೆ. ಗಂಡು ಮರಿಗಳಿಗೆ ಎಳೆಯದರಲ್ಲೇ ಬೀಜ ತೆಗೆಸದೆ ಬೆಳೆಯಲು ಬಿಟ್ಟರೆ ಅವುಗಳ ಮಾಂಸ ಬೇಯುವಾಗ ಮೂತ್ರವನ್ನೂ ಹಳೆಯ ಬೆವರನ್ನೂ ನೆನಪಿಸುವ ನಾತ ಏಳುತ್ತದೆ. ಹುಳಿಗೆಂದು ಎಷ್ಟು ಕಾಚಂಪುಳಿ ಹಾಕಿದರೂ, ಮಸಾಲೆಯನ್ನು ಎಷ್ಟು ಕಪ್ಪಗೆ ಹುರಿದು ಪುಡಿ ಮಾಡಿದರೂ ಕೆಲವರಿಗೆ ಅಂಥ ಪಂದಿ ಕರಿ ಗಂಟಲಲ್ಲಿ ಇಳಿಯುವುದಿಲ್ಲ. ಅದೇ ಪಂಕ್ತಿಯಲ್ಲಿ ಕುಳಿತ ಇನ್ನೊಬ್ಬರು ಮಾತ್ರ ಯಾವ ದೋಷವನ್ನೂ ಕಾಣದೆ ಎರಡನೆಯ ಸಲ ಬಡಿಸಿಕೊಳ್ಳುತ್ತಾರೆ. ಇದನ್ನು ನಾಲಿಗೆಯ ಚಪಲ, ಅಭ್ಯಾಸ, ಇಲ್ಲವೇ ಮನೆತನದ ನಾಜೂಕು ಎಂದು ವಿವರಿಸುವುದು ರೂಢಿ. ಆದರೆ ಇಬ್ಬರ ಮೂಗಿನಲ್ಲಿರುವ ಒಂದು ಪ್ರೋಟೀನಿನ ರಚನೆಯೇ ಬೇರೆಯಾಗಿರಬಹುದು ಎಂಬುದಕ್ಕೆ ಈಗ ಗಟ್ಟಿ ಆಧಾರವಿದೆ.

ಆ ನಾತದ ಮುಖ್ಯ ಕಾರಣಗಳಲ್ಲೊಂದು ಆಂಡ್ರೋಸ್ಟೀನೋನ್ ಎಂಬ ಸ್ಟೆರಾಯ್ಡ್. ಗಂಡು ಹಂದಿಯ ವೃಷಣದಲ್ಲಿ ತಯಾರಾಗಿ ಕೊಬ್ಬಿನಲ್ಲಿ ಶೇಖರವಾಗುವ, ಜೊಲ್ಲಿನ ಮೂಲಕ ಹೊರಬಂದು ಬೆದೆಗೆ ಬಂದ ಹೆಣ್ಣು ಹಂದಿಯನ್ನು ಅಲುಗಾಡದೆ ನಿಲ್ಲಿಸುವ ಈ ರಾಸಾಯನಿಕವು ಮನುಷ್ಯರ, ವಿಶೇಷವಾಗಿ ಗಂಡಸರ, ಕಂಕುಳ ಬೆವರಿನಲ್ಲಿಯೂ ಅತ್ಯಲ್ಪ ಪ್ರಮಾಣದಲ್ಲಿದೆ. ಇದನ್ನು ಮೂಸಿದವರಲ್ಲಿ ಕೆಲವರು ಹಳಸಿದ ಮೂತ್ರವೆಂದೂ, ಕೆಲವರು ಹೂವಿನಂಥ ಸಿಹಿ ವಾಸನೆಯೆಂದೂ, ಇನ್ನು ಕೆಲವರು ಏನೂ ಇಲ್ಲವೆಂದೂ ಹೇಳುತ್ತಾರೆ. ಅಮೆರಿಕದ ರಾಕ್‌ಫೆಲರ್ ಮತ್ತು ಡ್ಯೂಕ್ ವಿಶ್ವವಿದ್ಯಾಲಯಗಳ ಸಂಶೋಧಕರು 2007ರಲ್ಲಿ ಈ ವ್ಯತ್ಯಾಸದ ಒಂದು ಪಾಲನ್ನು ಓಆರ್7ಡಿ4 ಎಂಬ ಜೀನ್‌ವರೆಗೆ ಹಿಂಬಾಲಿಸಿದರು. ಈ ಜೀನ್ ರೂಪಿಸುವ, ವಾಸನೆಯ ಅಣುವನ್ನು ಮೂಗಿನಲ್ಲಿ ಹಿಡಿಯುವ ಗ್ರಾಹಿ ಪ್ರೋಟೀನಿನಲ್ಲಿ ಒಟ್ಟೊಟ್ಟಾಗಿ ಕಾಣಿಸಿಕೊಳ್ಳುವ ಎರಡು ಅಮೈನೋ ಆಮ್ಲಗಳ ಬದಲಾವಣೆಯಿಂದ ಅದು ಆಂಡ್ರೋಸ್ಟೀನೋನನ್ನು ಹಿಡಿಯುವ ಶಕ್ತಿ ಕುಂದುತ್ತದೆ. ತಂದೆ ತಾಯಿ ಇಬ್ಬರಿಂದಲೂ ಚುರುಕಿನ ರೂಪವನ್ನೇ ಪಡೆದವರಿಗೆ ಆ ವಾಸನೆ ಹೆಚ್ಚು ಅಸಹ್ಯವಾಗಿ ತೋರುತ್ತದೆ. 2012ರಲ್ಲಿ ನಾರ್ವೆಯ ಸಂಶೋಧಕರಿದ್ದ ತಂಡವೊಂದು ಈ ಪರೀಕ್ಷೆಯನ್ನು ನೇರವಾಗಿ ಹಂದಿ ಮಾಂಸದ ಮೇಲೆಯೇ ನಡೆಸಿತು. ಆಂಡ್ರೋಸ್ಟೀನೋನ್ ಬೆರೆತ ಮಾಂಸವನ್ನು ಹೆಚ್ಚು ದೂರಿದವರು ಈ ಚುರುಕಿನ ರೂಪದವರೇ.

ಪಂಕ್ತಿಯ ಮಾತು ಅಲ್ಲಿಗೇ ನಿಂತರೆ ತೊಂದರೆ ಇಲ್ಲ. ಆದರೆ ವಾಸನೆಯ ಮಾತು ಬೇಗನೆ ಮನುಷ್ಯರ ಕಡೆಗೆ ತಿರುಗುತ್ತದೆ. ಅಸ್ಸಾಂ, ಪಶ್ಚಿಮ ಬಂಗಾಳಗಳಿಂದ ಕೊಡಗಿನ ಕಾಫಿ ತೋಟಗಳಿಗೆ ಬಂದಿರುವ ಕೂಲಿಕಾರರ ಬಗ್ಗೆ, ತಲೆಮಾರುಗಳಿಂದ ತೋಟದ ಕೂಲಿಕಾರರ ಸಾಲುಮನೆಗಳಾದ ಲೈನ್ ಮನೆಗಳಲ್ಲಿರುವ ಯರವ ಬುಡಕಟ್ಟಿನವರ ಬಗ್ಗೆ, ಸಂಜೆಯ ಬಸ್ಸಿನಲ್ಲಿ ಪಕ್ಕದಲ್ಲಿ ನಿಂತವರ ಬಗ್ಗೆ, ಬಾಡಿಗೆಗೆ ಮನೆ ಕೇಳಿ ಬಂದವರ ಬಗ್ಗೆ ಈ ಮಾತು ಕೇಳಿಬರುತ್ತಲೇ ಇರುತ್ತದೆ. ಹಿಂದೆ ಅದಕ್ಕೆ ‘ಅವರ ಊಟವೇ ಹಾಗೆ’ ಎಂಬ ಸಮಜಾಯಿಷಿ ಇತ್ತು. ಈಗ ‘ಅದು ಅವರ ಜೀನ್‌ನಲ್ಲೇ ಇದೆ’ ಎಂಬ ವೈಜ್ಞಾನಿಕ ವೇಷದ ಮಾತು ಸೇರಿಕೊಂಡಿದೆ. ಜೀನ್‌ಗಳಿಗೂ ಮೈವಾಸನೆಗೂ ಸಂಬಂಧವಿರುವುದು ನಿಜ. ಆದರೆ ಆ ಸಂಬಂಧದ ಎರಡು ತುದಿಗಳಲ್ಲಿ ಒಂದು ಬೆವರುವವನ ಕಂಕುಳಲ್ಲಿದ್ದರೆ ಇನ್ನೊಂದು ದೂರುವವನ ಮೂಗಿನಲ್ಲಿದೆ. ಆ ಎರಡನೆಯ ತುದಿಯನ್ನು ಬಿಟ್ಟು ಲೆಕ್ಕ ಹಾಕಿದರೆ ಉತ್ತರ ತಪ್ಪುತ್ತದೆ.

ಮೊದಲು ಕಂಕುಳ ಕಡೆಯಿಂದ ನೋಡೋಣ. ನಮ್ಮ ಚರ್ಮದಲ್ಲಿ ಹರಡಿರುವ ಇಪ್ಪತ್ತರಿಂದ ನಲವತ್ತು ಲಕ್ಷ ಎಕ್ರೈನ್ ಗ್ರಂಥಿಗಳು ಸುರಿಸುವ ಉಪ್ಪುನೀರಿನಂಥ ಬೆವರಿನ ಕೆಲಸ ದೇಹವನ್ನು ತಂಪಾಗಿಸುವುದು. ಮೆಣಸು ಕೊಯ್ಯಲು ಏಣಿ ಹತ್ತಿದವನ ಬೆನ್ನಿನಲ್ಲಿ ಧಾರೆಯಾಗಿ ಇಳಿಯುವುದು ಇದೇ, ಮತ್ತು ಇದಕ್ಕೆ ಹೆಚ್ಚೇನೂ ವಾಸನೆ ಇಲ್ಲ. ಕಂಕುಳು ಮತ್ತು ತೊಡೆಸಂದಿಯ ಅಪೋಕ್ರೈನ್ ಗ್ರಂಥಿಗಳು ಬೇರೆ ಬಗೆಯವು. ಪ್ರಾಯಕ್ಕೆ ಬಂದ ಮೇಲೆ ಕೆಲಸ ಆರಂಭಿಸುವ ಇವು ಕೊಬ್ಬು ಮತ್ತು ಪ್ರೋಟೀನ್ ಬೆರೆತ ಮಂದ ದ್ರವವನ್ನು ಸೂಸುತ್ತವೆ. ವಿಚಿತ್ರವೆಂದರೆ ಹೊರಬಂದ ಗಳಿಗೆಯಲ್ಲಿ ಅದಕ್ಕೂ ವಾಸನೆ ಇರುವುದಿಲ್ಲ. ಹಸಿ ಕಾಫಿ ಬೀಜದಲ್ಲಿ ಕಾಫಿಯ ಘಮ ಹೇಗೆ ಇರುವುದಿಲ್ಲವೋ, ಹುರಿದ ಮೇಲಷ್ಟೇ ಹೇಗೆ ಹುಟ್ಟುತ್ತದೆಯೋ, ಹಾಗೆಯೇ ಇಲ್ಲಿಯೂ ಮೂಲ ಸಾಮಗ್ರಿ ವಾಸನೆಯಿಲ್ಲದ ರೂಪದಲ್ಲಿ, ಅಮೈನೋ ಆಮ್ಲಗಳಿಗೆ ಕಟ್ಟಿಹಾಕಿದ ಸ್ಥಿತಿಯಲ್ಲಿ ಹೊರಬರುತ್ತದೆ. ಆ ಕಟ್ಟನ್ನು ಬಿಚ್ಚುವುದು ಚರ್ಮದ ಮೇಲಿನ ಬ್ಯಾಕ್ಟೀರಿಯಾ. ಕೋರಿನೆಬ್ಯಾಕ್ಟೀರಿಯಂ ಜಾತಿಯವು ಮೇಕೆಯ ವಾಸನೆಯ ಕೊಬ್ಬಿನಾಮ್ಲಗಳನ್ನು ಬಿಡುಗಡೆ ಮಾಡಿದರೆ, ಸ್ಟ್ಯಾಫಿಲೊಕಾಕಸ್ ಹೋಮಿನಿಸ್ ಎಂಬುದು ಈರುಳ್ಳಿಯನ್ನು ಹೋಲುವ ಗಂಧಕಯುಕ್ತ ಥಯಾಲನ್ನು ಬಿಡಿಸುತ್ತದೆ. ಈ ಬಿಡಿಸುವ ಕೆಲಸದ ಕಿಣ್ವವನ್ನು ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ವಿವರಿಸಿತು. ಅವರ ವಂಶಾವಳಿ ವಿಶ್ಲೇಷಣೆಯ ಪ್ರಕಾರ ಬ್ಯಾಕ್ಟೀರಿಯಾದ ಈ ಕುಲಕ್ಕೆ ಆ ಕಿಣ್ವ ದೊರೆತು ಸುಮಾರು 6 ಕೋಟಿ ವರ್ಷಗಳಾಗಿವೆ. ಎಂದರೆ ಮನುಷ್ಯ ಎಂಬ ಪ್ರಾಣಿ ಹುಟ್ಟುವುದಕ್ಕೂ ಬಹಳ ಮೊದಲೇ, ನಮ್ಮ ವಾನರ ಪೂರ್ವಜರ ಮೈಮೇಲೆ ಈ ವ್ಯವಹಾರ ಶುರುವಾಗಿತ್ತು.

ಬ್ಯಾಕ್ಟೀರಿಯಾಕ್ಕೆ ಸಾಮಗ್ರಿ ತಲುಪಬೇಕಾದರೆ ಗ್ರಂಥಿಯ ಜೀವಕೋಶದಿಂದ ಅದನ್ನು ಹೊರಗೆ ಸಾಗಿಸುವವರು ಬೇಕು. 16ನೆಯ ವರ್ಣತಂತುವಿನಲ್ಲಿರುವ ಎಬಿಸಿಸಿ11 ಎಂಬ ಜೀನ್‌ನ ಪ್ರೋಟೀನ್ ಆ ಸಾಗಣೆದಾರ. ಈ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾದರೆ, ಅದೂ ತಂದೆ ತಾಯಿ ಇಬ್ಬರಿಂದಲೂ ಬದಲಾದ ರೂಪವೇ ಬಂದರೆ, ಸಾಗಣೆ ನಿಲ್ಲುತ್ತದೆ; ಕಂಕುಳು ಬೆವರಿದರೂ ನಾರುವುದಿಲ್ಲ. ಇಂಥವರನ್ನು ಗುರುತಿಸಲು ಪ್ರಯೋಗಾಲಯ ಬೇಡ, ಕಿವಿಯ ಗುಗ್ಗೆ ನೋಡಿದರೆ ಸಾಕು. ಅಂಟಂಟಾದ ಹಳದಿ ಗುಗ್ಗೆಯಿದ್ದರೆ ಮೂಲ ರೂಪ, ಬೂದು ಬಣ್ಣದ ಒಣ ಹೊಟ್ಟಿನಂತಿದ್ದರೆ ಬದಲಾದ ರೂಪ. ಗುಗ್ಗೆಯ ಈ ಗುಟ್ಟನ್ನು 2006ರಲ್ಲಿ ಹೊರಗೆಡವಿದವರು ಜಪಾನಿನ ಸಂಶೋಧಕರು. ಕೊರಿಯಾ, ಜಪಾನ್, ಉತ್ತರ ಚೀನಾಗಳಲ್ಲಿ ಬಹುಪಾಲು ಜನರದ್ದು ಒಣ ಗುಗ್ಗೆ. ಆಫ್ರಿಕಾ, ಯೂರೋಪುಗಳಲ್ಲಿ ಬಹುತೇಕ ಎಲ್ಲರದ್ದೂ ಅಂಟು ಗುಗ್ಗೆ. ದಕ್ಷಿಣ ಏಷ್ಯಾದಲ್ಲಿ ಎರಡೂ ಬೆರೆತಿವೆ. ಪೂರ್ವ ಏಷ್ಯಾದಲ್ಲಿ ಈ ಬದಲಾವಣೆ ಅಷ್ಟು ವ್ಯಾಪಕವಾಗಿ ಹರಡಿದ್ದರ ಹಿಂದೆ ನಿಸರ್ಗದ ಆಯ್ಕೆಯ ಕೈವಾಡದ ಗುರುತುಗಳಿವೆ. ಚಳಿಯ ಹವೆಗೆ ಅದರಿಂದ ಏನೋ ಲಾಭವಿತ್ತು ಎಂಬ ವಾದವೂ ಇದೆ, ಆದರೆ ಆ ಲಾಭ ಯಾವುದೆಂದು ಖಚಿತವಾಗಿ ತೋರಿಸಿದವರಿಲ್ಲ. ‘ಜೀನ್‌ನಲ್ಲೇ ಇದೆ’ ಎನ್ನುವವರು ಗಮನಿಸಬೇಕಾದದ್ದು ಇಷ್ಟೇ: ಮೈ ನಾರುವುದು ಈ ಜೀನ್‌ನ ಮೂಲ ರೂಪದ ಗುಣ. ದೂರುವವರೂ ದೂರಿಸಿಕೊಳ್ಳುವವರೂ ಬಹುಮಟ್ಟಿಗೆ ಅದನ್ನೇ ಹೊತ್ತಿರುತ್ತಾರೆ, ಮತ್ತು ಎರಡೂ ರೂಪಗಳು ಹರಡಿರುವ ನಮ್ಮಂಥ ಸೀಮೆಯಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರ ಗುಗ್ಗೆಯೂ ಬೇರೆ ಬೇರೆ ಇರಬಹುದು.

ಇನ್ನು ಆ ವಾಸನೆಯೇ ಸ್ವಭಾವತಃ ಕೆಟ್ಟದ್ದೇ? ಕಂಕುಳಿನ ಮುಖ್ಯ ಥಯಾಲ್‌ಗೂ, ಕೊಡಗಿನಲ್ಲಿ ಷರಬತ್ತಿಗೆಂದು ಬೆಳೆಯುವ ಪ್ಯಾಶನ್ ಹಣ್ಣಿನ ಸುವಾಸನೆಗೆ ಕಾರಣವಾಗುವ ಒಂದು ಥಯಾಲ್‌ಗೂ ಇರುವ ರಚನೆಯ ವ್ಯತ್ಯಾಸ ಒಂದು ಇಂಗಾಲ, ಮೂರು ಹೈಡ್ರೋಜನ್ ಪರಮಾಣುಗಳ ಒಂದು ಮೀಥೈಲ್ ಗುಂಪು ಮಾತ್ರ. ಹುರಿದ ಕಾಫಿಯ ಘಮಕ್ಕೆ ಕಾರಣವಾದ ಪ್ರಮುಖ ವಸ್ತುಗಳಲ್ಲೂ ಒಂದು ಥಯಾಲ್ ಇದೆ. ಹಾಗಾದರೆ ಒಂದನ್ನು ಲೋಟಕ್ಕೆ ಸುರಿದುಕೊಳ್ಳುವಂತೆಯೂ ಇನ್ನೊಂದಕ್ಕೆ ಮುಖ ತಿರುಗಿಸುವಂತೆಯೂ ಮಾಡುವ ತೀರ್ಮಾನ ಅಣುವಿನಲ್ಲಷ್ಟೇ ಇರಲಾರದು. ಅದು ಮೂಗಿನಲ್ಲಿ, ಮತ್ತು ಮೂಗಿನ ಹಿಂದಿರುವ ಮಿದುಳಿನಲ್ಲಿ ನಡೆಯುತ್ತದೆ.

ಮೂಗಿನ ಗ್ರಾಹಿಗಳ ಜೀನ್‌ಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಕಂಡುಹಿಡಿದರು. 2004ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮನುಷ್ಯನಲ್ಲಿ ಕೆಲಸ ಮಾಡುವ ಇಂಥ ಜೀನ್‌ಗಳು ಸುಮಾರು 400. ಅದಕ್ಕಿಂತ ಹೆಚ್ಚಿನವು ಕೆಟ್ಟು ನಿಂತು ಅವಶೇಷಗಳಾಗಿ ಉಳಿದಿವೆ. ಇಲಿಯಲ್ಲಿ ಕೆಲಸ ಮಾಡುವವು ಸಾವಿರಕ್ಕೂ ಮಿಕ್ಕಿ, ಆಫ್ರಿಕಾದ ಆನೆಯಲ್ಲಿ ಎರಡು ಸಾವಿರದ ಹತ್ತಿರ. ತೋಟದ ಆಳುಗಳೂ ಅರಣ್ಯ ಇಲಾಖೆಯವರೂ ಆನೆಯಿರುವ ಕಡೆ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂದು ನೋಡಿಕೊಂಡೇ ಹೆಜ್ಜೆ ಇಡುವುದರ ಹಿಂದಿನ ತಿಳಿವಳಿಕೆ ಇದೇ. ಕೆನ್ಯಾದ ಅಂಬೊಸೆಲಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆನೆಗಳನ್ನು ಈಟಿಯಿಂದ ಬೇಟೆಯಾಡುವ ಮಸಾಯಿ ಗಂಡಸರು ತೊಟ್ಟ ಬಟ್ಟೆಯ ವಾಸನೆಗೆ ಆನೆಗಳು ಓಟ ಕಿತ್ತವು. ವ್ಯವಸಾಯ ಮಾಡುವ ಕಂಬಾ ಜನರ ಬಟ್ಟೆಗೆ ಅಷ್ಟು ಹೆದರಲಿಲ್ಲ. ಒಂದು ಜನಸಮುದಾಯದ ವಾಸನೆಯನ್ನು ಅಪಾಯದೊಂದಿಗೆ ಜೋಡಿಸಿಟ್ಟುಕೊಳ್ಳುವುದನ್ನು ಅನುಭವದಿಂದ ಕಲಿಯಬಹುದು ಎಂಬುದು ಇದರಿಂದ ತಿಳಿಯುತ್ತದೆ. ಆನೆಗಾದರೋ ಹಾಗೆ ಹೆದರಲು ಕಾರಣವಿತ್ತು.

ಇಷ್ಟು ಕೇಳಿದವರು ಮನುಷ್ಯನ ಮೂಗು ಕೆಲಸಕ್ಕೆ ಬಾರದ್ದು ಎಂಬ ನಿರ್ಣಯಕ್ಕೆ ಬರಬಾರದು. ಮನುಷ್ಯನಿಗೆ ಘ್ರಾಣಶಕ್ತಿ ಕಡಿಮೆ ಎಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಅಂಗರಚನಾ ತಜ್ಞ ಪಾಲ್ ಬ್ರೋಕಾನಿಂದ ಬೆಳೆದುಬಂದದ್ದು. 2017ರಲ್ಲಿ ಅಮೆರಿಕದ ನರವಿಜ್ಞಾನಿ ಜಾನ್ ಮೆಕ್‌ಗ್ಯಾನ್ ಅದನ್ನು ವಿವರವಾಗಿ ಅಲ್ಲಗಳೆದರು. ಗ್ರಾಹಿಗಳ ಬಗೆ ಕಡಿಮೆಯಿದ್ದರೂ ಅವು ತಂದ ಸುದ್ದಿಯನ್ನು ಅರ್ಥ ಮಾಡಿಕೊಳ್ಳುವ ಮಿದುಳು ದೊಡ್ಡದು. ನಮ್ಮ ಪ್ರಶ್ನೆಗೆ ಇದಕ್ಕಿಂತ ಮುಖ್ಯವಾದದ್ದು ಈ 400 ಜೀನ್‌ಗಳು ಒಬ್ಬರಿಂದ ಒಬ್ಬರಿಗೆ ಬಹಳವಾಗಿ ಬದಲಾಗುತ್ತವೆ ಎಂಬುದು. 2022ರಲ್ಲಿ ಚೀನಾ ಮತ್ತು ಅಮೆರಿಕದ ಸಂಶೋಧಕರು ಸಾವಿರ ಮಂದಿ ಹಾನ್ ಚೀನೀಯರಿಗೆ ಬಗೆಬಗೆಯ ವಾಸನೆಗಳನ್ನು ಮೂಸಲು ಕೊಟ್ಟು ಅವರ ಜೀನೋಮಿನೊಂದಿಗೆ ತಾಳೆ ಹಾಕಿದಾಗ, ಕಂಕುಳಿನ ಮುಖ್ಯ ಆಮ್ಲವನ್ನು ಎಷ್ಟು ತೀಕ್ಷ್ಣವಾಗಿ ಗ್ರಹಿಸುತ್ತೇವೆ ಎಂಬುದು ಓಆರ್51ಬಿ2 ಎಂಬ ಗ್ರಾಹಿಯ ರೂಪವನ್ನು ಅವಲಂಬಿಸಿದೆ ಎಂಬುದು ಹೊರಬಿತ್ತು. ಸಾಬೂನು, ಅತ್ತರುಗಳಲ್ಲಿ ಬಳಸುವ ಕೃತಕ ಕಸ್ತೂರಿಯೊಂದಕ್ಕೆ ಬೇರೊಂದು ಗ್ರಾಹಿಯ ಪಾತ್ರವೂ ಸಿಕ್ಕಿತು. ಒಬ್ಬನು ಸುಗಂಧ ಪೂಸಿಕೊಂಡು ಮೈವಾಸನೆ ಮುಚ್ಚಿದೆನೆಂದು ತಿಳಿದಿದ್ದರೂ ಎದುರಿನವನ ಮೂಗಿಗೆ ಸುಗಂಧ ತಾಗದೆ ಬೆವರು ಮಾತ್ರ ತಾಗಬಹುದು. ಇದು ತಮಾಷೆಯ ಮಾತಲ್ಲ, ಆ ಎರಡು ಜೀನ್‌ಗಳ ಲೆಕ್ಕ.

ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು. ಹಿಂದಿನ ಸಂಶೋಧನೆಗಳನ್ನೂ ಸೇರಿಸಿ ನೋಡಿದಾಗ, ವಾನರರೊಂದಿಗೆ ನಾವು ಹಂಚಿಕೊಂಡಿರುವ ಪುರಾತನ ರೂಪದ ಗ್ರಾಹಿಗಳಿದ್ದವರು ವಾಸನೆಯನ್ನು ಹೆಚ್ಚು ತೀಕ್ಷ್ಣವಾಗಿ ಗ್ರಹಿಸುವ ಪ್ರವೃತ್ತಿ ಕಂಡಿತು. ವಾನರ ಕುಲದಲ್ಲಿ ಮೂಗಿನ ಜೀನ್‌ಗಳು ಕಾಲಕ್ರಮದಲ್ಲಿ ಸವೆಯುತ್ತ ಬಂದಿವೆ ಎಂಬ ಹಳೆಯ ಪ್ರಕಲ್ಪನೆಗೆ ಇದು ಬೆಂಬಲ ಕೊಡುತ್ತದೆ. ಎಲ್ಲ ಗ್ರಾಹಿಗಳಿಗೂ ಇದು ಅನ್ವಯಿಸುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಸೂಕ್ಷ್ಮವಾದ ಮೂಗು ನಾಗರಿಕತೆಯ ಲಕ್ಷಣ ಎಂದು ಬೀಗುವವರು ಮಾತ್ರ ಇದನ್ನೊಮ್ಮೆ ಓದಿಕೊಳ್ಳಬಹುದು.

ವಿಕಾಸದ ದೃಷ್ಟಿಯಿಂದ ಮೈವಾಸನೆಯನ್ನು ಗ್ರಹಿಸುವುದರ ಉಪಯೋಗವೇನು? ಇದರಲ್ಲಿ ಗಟ್ಟಿಯಾಗಿ ನಿಲ್ಲುವ ಸಂಗತಿಗಳೂ ಇವೆ, ಕತೆಯಾಗಿ ಬೆಳೆದವೂ ಇವೆ. ಗಟ್ಟಿಯಾದದ್ದು ತಾಯಿ ಮಗುವಿನದು. ಹುಟ್ಟಿದ ವಾರದೊಳಗೇ ಶಿಶುವು ತನ್ನ ತಾಯಿಯ ಎದೆಗೆ ಇಟ್ಟಿದ್ದ ಬಟ್ಟೆಯ ಕಡೆಗೆ, ಬೇರೆಯವರದ್ದನ್ನು ಬಿಟ್ಟು, ತಲೆ ತಿರುಗಿಸುತ್ತದೆ ಎಂಬುದನ್ನು ಏಡನ್ ಮ್ಯಾಕ್‌ಫರ್ಲೇನ್ 1975ರಲ್ಲಿ ತೋರಿಸಿದರು. ಬಾಣಂತಿಯರು ಕೂಡ ಅಲ್ಪ ಕಾಲದ ಒಡನಾಟದಲ್ಲೇ ತಮ್ಮ ಕೂಸಿನ ಅಂಗಿಯನ್ನು ಮೂಸಿ ಗುರುತಿಸಬಲ್ಲರು. ರೋಗದ ವಿಚಾರದಲ್ಲೂ ಒಳ್ಳೆಯ ಪುರಾವೆ ಇದೆ. ಸ್ವೀಡನ್ನಿನಲ್ಲಿ 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರೋಗ್ಯವಂತರಿಗೆ ಬ್ಯಾಕ್ಟೀರಿಯಾದ ವಿಷಾಂಶವನ್ನು ಚುಚ್ಚಿ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸಿದಾಗ, ಕೆಲವೇ ಗಂಟೆಗಳಲ್ಲಿ ಅವರ ಅಂಗಿಯ ವಾಸನೆ ಇತರರಿಗೆ ಹೆಚ್ಚು ಅಹಿತವೆನಿಸಿತು. ಸೋಂಕಿನಿಂದ ದೂರವಿರಿಸುವ ಇಂಥ ಅಸಹ್ಯಭಾವ ಪ್ರಾಣ ಉಳಿಸಿರಬಹುದು. ಆದರೆ ಈ ಎಚ್ಚರಿಕೆಯ ವ್ಯವಸ್ಥೆ ಅತಿ ಶಂಕೆಯದು. ರೋಗ ಇಲ್ಲದ ಕಡೆಯೂ ರೋಗವನ್ನು ಶಂಕಿಸಿದರೆ ದೇಹಕ್ಕೆ ನಷ್ಟವಿಲ್ಲ, ಇದ್ದ ಕಡೆ ಶಂಕಿಸದಿದ್ದರೆ ಜೀವಕ್ಕೇ ಅಪಾಯ. ಆದ್ದರಿಂದ ಅಪರಿಚಿತವಾದದ್ದೆಲ್ಲ ಅದಕ್ಕೆ ಅನುಮಾನಾಸ್ಪದ.

ಕತೆಯಾಗಿ ಬೆಳೆದದ್ದು ಸಂಗಾತಿಯ ಆಯ್ಕೆಯದು. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಕ್ಲೌಸ್ ವೆಡೆಕಿಂಡ್ ನಡೆಸಿ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 44 ಗಂಡಸರು ಎರಡು ರಾತ್ರಿ ತೊಟ್ಟ ಅಂಗಿಗಳನ್ನು 49 ಹೆಂಗಸರು ಮೂಸಿದರು. ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಎಚ್‌ಎಲ್‌ಎ ಜೀನ್‌ಗಳು ತಮಗಿಂತ ಭಿನ್ನವಾಗಿದ್ದ ಗಂಡಸರ ವಾಸನೆ ಅವರಿಗೆ ಹಿತವೆನಿಸಿತು; ಗರ್ಭನಿರೋಧಕ ಗುಳಿಗೆ ಸೇವಿಸುತ್ತಿದ್ದವರಲ್ಲಿ ಫಲಿತಾಂಶ ತಿರುಗುಮುರುಗಾಯಿತು. ಭಿನ್ನ ಜೀನ್‌ಗಳ ಕೂಡುವಿಕೆಯಿಂದ ಮಕ್ಕಳಿಗೆ ಹೆಚ್ಚು ವಿಶಾಲವಾದ ರಕ್ಷಣೆ ದೊರೆಯುತ್ತದೆ ಎಂಬ ವಿವರಣೆ ಎಷ್ಟು ಸೊಗಸಾಗಿತ್ತೆಂದರೆ ಪತ್ರಿಕೆಗಳು ಅದನ್ನು ಇಂದಿಗೂ ಬಿಟ್ಟಿಲ್ಲ. ಮುಂದಿನ ಅಧ್ಯಯನಗಳು ಒಮ್ಮೆ ಹೌದೆಂದವು, ಒಮ್ಮೆ ಇಲ್ಲವೆಂದವು. 2020ರಲ್ಲಿ ಮನುಷ್ಯರ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಅಂಥ ಒಲವಿಗೆ ಒಟ್ಟಾರೆ ಆಧಾರ ಸಿಗಲಿಲ್ಲ. ಒಂದೇ ಒಕ್ಕದೊಳಗೆ, ಎಂದರೆ ಒಂದೇ ಮನೆತನದೊಳಗೆ, ಮದುವೆ ಕೂಡದೆಂಬ ಕೊಡವರ ಕಟ್ಟಳೆ, ಒಂದೇ ಬಳ್ಳಿಯಲ್ಲಿ, ಒಂದೇ ಗೋತ್ರದಲ್ಲಿ ಕೂಡದೆಂಬ ಇತರರ ಕಟ್ಟಳೆಗಳು ಹತ್ತಿರದ ರಕ್ತಸಂಬಂಧವನ್ನು ಒಂದು ಕಡೆಯಿಂದ ತಪ್ಪಿಸುತ್ತವೆ. ಸೋದರಮಾವನ ಮಗಳನ್ನು ತರುವ ದಕ್ಷಿಣ ಭಾರತದ ರೂಢಿ ಅದನ್ನು ಇನ್ನೊಂದು ಕಡೆಯಿಂದ ಒಳಗೆ ಬಿಟ್ಟುಕೊಳ್ಳುತ್ತದೆ. ಮನುಷ್ಯರ ಮದುವೆಯಲ್ಲಿ ಮೂಗಿನ ಪಾತ್ರವೇನೇ ಇರಲಿ, ಹಿರಿಯರ ಪಾತ್ರಕ್ಕಿಂತ ದೊಡ್ಡದಾಗಿರಲಾರದು ಎಂದೇ ನನ್ನ ಅಭಿಪ್ರಾಯ.

ಜೀನ್‌ಗಳ ಮಾತು ಮುಗಿದ ಮೇಲೂ ಉಳಿಯುವ ಪಾಲು ಕಲಿಕೆಯದು, ಮತ್ತು ಅದು ಸಣ್ಣದಲ್ಲ. ಆಂಡ್ರೋಸ್ಟೀನೋನ್ ವಾಸನೆಯೇ ಬಾರದವರಿಗೆ ವಾರಗಟ್ಟಲೆ ದಿನವೂ ಮೂಸಲು ಕೊಟ್ಟಾಗ ಸುಮಾರು ಅರ್ಧದಷ್ಟು ಮಂದಿ ಅದನ್ನು ಗ್ರಹಿಸತೊಡಗಿದರು ಎಂಬುದು 1989ರಲ್ಲೇ ವರದಿಯಾಗಿತ್ತು. ಕಾಲಿನ ಕಮಟು ವಾಸನೆಗೂ ಚೀಸ್‌ನ ವಾಸನೆಗೂ ಐಸೋವಲೆರಿಕ್ ಆಮ್ಲವೇ ಸಮಾನ ಕಾರಣ. 2005ರ ಪ್ರಯೋಗವೊಂದರಲ್ಲಿ ಚೆಡ್ಡರ್ ಚೀಸ್ ಎಂಬ ಹೆಸರು ತೋರಿಸಿದಾಗ ಜನರಿಗೆ ಹಿತವೆನಿಸಿದ ಆ ವಾಸನೆಯೇ ‘ಮೈವಾಸನೆ’ ಎಂಬ ಹೆಸರು ತೋರಿಸಿದಾಗ ಅಹಿತವಾಯಿತು, ಮಿದುಳಿನ ಪ್ರತಿಕ್ರಿಯೆಯೂ ಬದಲಾಯಿತು. ಬೇಟೆ ಸಂಗ್ರಹಗಳಿಂದ ಬದುಕುವವರಿಂದ ಹಿಡಿದು ಮಹಾನಗರದವರವರೆಗೆ ಒಂಬತ್ತು ಸಂಸ್ಕೃತಿಗಳ ಜನರನ್ನು ಹೋಲಿಸಿದ 2022ರ ಅಧ್ಯಯನದಲ್ಲಿ ವೆನಿಲ್ಲಾ ಎಲ್ಲಕ್ಕಿಂತ ಮೇಲೆ, ಐಸೋವಲೆರಿಕ್ ಆಮ್ಲ ಎಲ್ಲಕ್ಕಿಂತ ಕೆಳಗೆ ಬಂದವು. ಆದರೆ ಆ ಶ್ರೇಣಿಯಲ್ಲಿನ ವ್ಯತ್ಯಾಸಗಳಲ್ಲಿ ಸಂಸ್ಕೃತಿಯ ಪಾಲು ಶೇಕಡಾ 6 ಮಾತ್ರ, ವ್ಯಕ್ತಿ ವ್ಯಕ್ತಿಗಳ ನಡುವಿನ ವ್ಯತ್ಯಾಸದ ಪಾಲು ಅರ್ಧಕ್ಕಿಂತ ಹೆಚ್ಚು. ಒಂದೊಂದು ಜನಾಂಗಕ್ಕೆ ಒಂದೊಂದು ಮೂಗು ಎಂಬ ಕಲ್ಪನೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿಲ್ಲ. ಊಟದ ವಾದವೂ ಸರಳವಲ್ಲ: ಮಾಂಸ ಬಿಟ್ಟಾಗ ಮೈವಾಸನೆ ತುಸು ಹಿತವಾಯಿತು ಎಂದು ಪ್ರಾಗ್‌ನ ಸಂಶೋಧಕರು ಸಣ್ಣ ಪ್ರಯೋಗವೊಂದರಲ್ಲಿ ಕಂಡರು, ಬೆಳ್ಳುಳ್ಳಿ ತಿಂದವರ ಕಂಕುಳೂ ಹೆಚ್ಚು ಹಿತವೆಂದು ಅವರೇ ಮುಂದೆ ಕಂಡರು.

ನಮ್ಮವರದ್ದು, ಪರರದ್ದು ಎಂಬ ಭಾವನೆ ಇಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಅಳೆದವರೂ ಇದ್ದಾರೆ. ತಾಯಂದಿರಿಗೆ ಹೆಸರು ತಿಳಿಸದೆ ಕೊಟ್ಟಾಗಲೂ ತಮ್ಮ ಮಗುವಿನ ಹೊಲಸಿನ ಬಟ್ಟೆ ಬೇರೆ ಮಗುವಿನದಕ್ಕಿಂತ ಕಡಿಮೆ ಅಸಹ್ಯವೆನಿಸಿತು. ಬ್ರಿಟನ್ನಿನ ಸಸೆಕ್ಸ್ ಮತ್ತು ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಬೆವರಿನಿಂದ ನಾರುವ ಟೀ ಶರ್ಟ್ ಕೊಡಲಾಯಿತು. ಅದರ ಮೇಲೆ ತಮ್ಮದೇ ವಿಶ್ವವಿದ್ಯಾಲಯದ ಲಾಂಛನವಿದ್ದರೆ ಅಸಹ್ಯ ಕಡಿಮೆಯಾಯಿತು, ಕೈ ತೊಳೆಯಲು ಹೋಗುವ ಅವಸರವೂ ಕಡಿಮೆಯಾಯಿತು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ, ಪಂದ್ಯ ಮುಗಿಸಿ ಬಂದವರ ತೊಯ್ದ ಜರ್ಸಿಗಳನ್ನಿಟ್ಟುಕೊಂಡು ಇದನ್ನೇ ಪರೀಕ್ಷಿಸಬಹುದಿತ್ತು. ತಮ್ಮ ಒಕ್ಕದ ಹೆಸರಿರುವ ಜರ್ಸಿ ಯಾರಿಗೂ ನಾರದು ಎಂದು ಪಣ ಕಟ್ಟಲು ನಾನು ಸಿದ್ಧ. ಮೈವಾಸನೆಗೆ ಹೆಚ್ಚು ಅಸಹ್ಯಪಡುವ ಸ್ವಭಾವದವರಲ್ಲಿ ಸರ್ವಾಧಿಕಾರಿ ಧೋರಣೆಗಳ ಕಡೆಗೆ ಒಲವು ಸ್ವಲ್ಪ ಹೆಚ್ಚು ಎಂದು ಸ್ಟಾಕ್‌ಹೋಮಿನ ಸಂಶೋಧಕರಿದ್ದ ತಂಡ 2018ರಲ್ಲಿ ವರದಿ ಮಾಡಿದ್ದನ್ನೂ ಈ ಜೊತೆಗೇ ಓದಬೇಕು, ಆ ಸಂಬಂಧ ದುರ್ಬಲವಾದದ್ದು ಎಂಬುದನ್ನು ಮರೆಯದೆ.

ಮಾರುಕಟ್ಟೆಗಂತೂ ಜೀನ್‌ಗಳ ಹಂಗಿಲ್ಲ. ಬ್ರಿಟನ್ನಿನ ಬ್ರಿಸ್ಟಲ್ ನಗರದಲ್ಲಿ 6,495 ಮಹಿಳೆಯರನ್ನು ಪರಿಶೀಲಿಸಿದಾಗ ಶೇಕಡಾ 2ರಷ್ಟು ಮಂದಿ ಒಣ ಗುಗ್ಗೆಯವರು, ಎಂದರೆ ಕಂಕುಳು ನಾರದವರು. ಅವರಲ್ಲೂ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಜನ ದಿನವೂ ಅಥವಾ ಬಹುತೇಕ ದಿನ ಡಿಯೋಡರೆಂಟ್ ಬಳಸುತ್ತಿದ್ದರು.

ಇನ್ನು ಲೈನ್ ಮನೆಗಳ ಮಾತು. ಮಳೆಗಾಲದಲ್ಲಿ, ಅದರಲ್ಲೂ ಕಕ್ಕಡ ಮಾಸದ ದಿನಗಳಲ್ಲಿ, ಕೊಡಗಿನ ಬಟ್ಟೆಬರೆಗಳಿಗೆ ಬರುವ ಮುಗ್ಗಲು ವಾಸನೆ ಯಾರ ಮೈಯದೂ ಅಲ್ಲ. ಒದ್ದೆಯಾಗಿಯೇ ಉಳಿದ ಬಟ್ಟೆಯಲ್ಲಿ ಮೊರಾಕ್ಸೆಲ್ಲಾ ಓಸ್ಲೊಎನ್ಸಿಸ್ ಎಂಬ ಬ್ಯಾಕ್ಟೀರಿಯಾ ಬೆಳೆದು, ರಚನೆಯಲ್ಲಿ ಕಂಕುಳಿನ ಆಮ್ಲಕ್ಕೆ ತೀರ ಹತ್ತಿರವಾದ ಇನ್ನೊಂದು ಆಮ್ಲವನ್ನು ಉಂಟುಮಾಡುತ್ತದೆ ಎಂಬುದನ್ನು ಜಪಾನಿನ ಸಂಶೋಧಕರು 2012ರಲ್ಲಿ ಕಂಡುಕೊಂಡರು. ಈ ಬ್ಯಾಕ್ಟೀರಿಯಾ ಒಣಗುವುದನ್ನೂ ಬಿಸಿಲಿನ ಅತಿನೇರಳೆ ಕಿರಣವನ್ನೂ ಸಾಕಷ್ಟು ತಾಳಿಕೊಳ್ಳುತ್ತದೆ. ಅರ್ಧಂಬರ್ಧ ಒಣಗಿದ ಬಟ್ಟೆ ಮತ್ತೆ ತೊಯ್ದ ಕೂಡಲೇ ವಾಸನೆ ಮರಳುವುದು ಇದರಿಂದಲೇ. ಎರಡು ಜೊತೆ ಬಟ್ಟೆಯಲ್ಲಿ ಮಳೆಗಾಲ ಕಳೆಯುವ, ಒಂದೇ ಕೋಣೆಯಲ್ಲಿ ಅಡುಗೆ, ನಿದ್ದೆ ಎರಡನ್ನೂ ಮಾಡುವ ಕೂಲಿಕಾರನ ಮೈಯಿಂದ ಬರುತ್ತದೆಂದು ನಾವು ತಿಳಿದ ವಾಸನೆಯ ದೊಡ್ಡ ಪಾಲು ಇದೇ ಆಗಿರುವ ಸಂಭವವಿದೆ. ಇದಕ್ಕೆ ಎಬಿಸಿಸಿ11 ಕೂಡ ಕಾರಣವಲ್ಲ, ಓಆರ್51ಬಿ2 ಕೂಡ ಕಾರಣವಲ್ಲ. ಬೇಕಾದದ್ದು ಸಾಕಷ್ಟು ಬಿಸಿನೀರು, ಬದಲಿ ಬಟ್ಟೆ, ಮತ್ತು ಬೆಂಕಿಯ ಕಾವು ತಾಗುವ ಒಂದು ಒಣಗಿಸುವ ಕೋಣೆ. ಕಾಫಿ ಒಣಗಿಸಲು ವಿಶಾಲವಾದ ಕಣಗಳನ್ನು ಕಟ್ಟಿಸಿ, ಮೋಡ ಕವಿದ ದಿನಗಳಿಗೆಂದು ಡ್ರೈಯರ್‌ಗಳನ್ನೂ ತಂದಿಟ್ಟಿರುವ ತೋಟಗಳಿಗೆ ಅಂಥ ಕೋಣೆಯ ಖರ್ಚು ಹೊರೆಯಾಗಲಾರದು.